ಒಂದೂವರೆ ಸುತ್ತಿನ ಕೊಂಬು

ನನ್ನ ಅಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬೀಗ, ಟ್ರಂಕು, ಸ್ಟೋವು ರಿಪೇರಿ ಮಾಡುತ್ತಿದ್ದರು. ಲೈಸೆನ್ಸ್ ಇದ್ದವರ ಬಂದೂಕುಗಳೂ ಬರುತ್ತಿದ್ದವು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ನಳಿಗೆಯೊಳಗೆ ಎಣ್ಣೆಬಟ್ಟೆ ಎಳೆಯುವುದು, ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಡುವುದು ನನ್ನ ಕೆಲಸವಾಗಿತ್ತು. ರಿಪೇರಿಯಾದ ಬಂದೂಕನ್ನು ಊರ ಹೊರಗೆ ಗುಡ್ಡದ ಕಡೆ ಒಯ್ದು ಹೊಡೆದು ನೋಡುವಾಗ ನಾಲ್ಕಾರು ಸಲ ನನ್ನ ಕೈಗೂ ಕೊಟ್ಟಿದ್ದರು. ಒದೆತ ಹೆಗಲಿಗೆ ಬಿದ್ದರೂ ನಾನು ಹಿಂದೆ ಸರಿಯಲಿಲ್ಲವೆಂದು ಅವ್ವನ ಮುಂದೆ ಹೇಳಿಕೊಂಡು ನಕ್ಕಿದ್ದರು.

ನನ್ನ ಮದುವೆ ಆದದ್ದೂ ಬಂದೂಕಿನಿಂದಲೇ. ಬಾದನಹಟ್ಟಿಯ ಒಬ್ಬ ಯುವಕ ತನ್ನ ಒಂಟಿ ನಳಿಗೆಯ ಬಂದೂಕಿನ ಸ್ಪ್ರಿಂಗು ಮುರಿದಿದೆಯೆಂದು ಅಂಗಡಿಗೆ ತಂದಿದ್ದರು. ಅಪ್ಪ ಹೊರಗೆ ಹೋಗಿದ್ದರಿಂದ ನಾನೇ ಅದನ್ನು ಬಿಚ್ಚಿ ತೋರಿಸಿದೆ. ಅವರು ಬಂದೂಕನ್ನು ನೋಡಲಿಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದರು. ಎರಡು ತಿಂಗಳ ಮೇಲೆ ಅವರ ಮನೆಯವರು ಕೇಳಿಕೊಂಡು ಬಂದರು. ಅರವತ್ತರ ದಶಕ ಅರ್ಧ ದಾಟಿತ್ತು. ನನಗೆ ಹತ್ತೊಂಬತ್ತು.

ಮನೆ ಊರೊಳಗೆ ಇರಲಿಲ್ಲ. ಬಾದನಹಟ್ಟಿಯಿಂದ ಒಂದು ಮೈಲಿ ಆಚೆ, ಎರೆಹೊಲದ ನಡುವೆ ಒಂದೇ ಮನೆ. ಅತ್ತೆ, ಗಂಡ, ನಾನು. ಭಾವನವರು ಸಿರುಗುಪ್ಪದ ಕಡೆ ಭತ್ತದ ಗದ್ದೆ ನೋಡಿಕೊಂಡು ಅಲ್ಲೇ ಇದ್ದರು. ಪಡಸಾಲೆಯ ಗೋಡೆಯ ಮೇಲೆ ನಾಲ್ಕು ಜೊತೆ ಚಿಗರಿಯ, ಅಂದರೆ ಕೃಷ್ಣಮೃಗದ, ಕೊಂಬು ಇದ್ದವು. ಆಗಿನ್ನೂ ಚಿಗರಿಗಳನ್ನು ಕಾಯುವ ಈಗಿನ ಕಾನೂನು ಬಂದಿರಲಿಲ್ಲ. ಕಡಲೆ ಚಿಗುರಿತೆಂದರೆ ಹಿಂಡುಹಿಂಡಾಗಿ ಬಂದು ತುದಿ ಕಡಿದು ಹೋಗುತ್ತಿದ್ದವು. ಬೆಳೆ ಕಾಯುವುದಕ್ಕೆಂದೇ ಬಂದೂಕಿನ ಲೈಸೆನ್ಸ್ ಕೊಡುತ್ತಿದ್ದರು.

ಮದುವೆಯಾದ ಮೊದಲ ಚಳಿಗಾಲದಲ್ಲಿ ಅವರು ನನ್ನನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಹಿಂಡು ತೋರಿಸಿದರು. ಹೆಣ್ಣುಗಳಿಗೆ ಕೊಂಬಿಲ್ಲ. ಗಂಡಿಗೆ ಹೋತ ಅನ್ನುತ್ತಾರೆ. ಎಳೆಯ ಹೋತದ ಮೈ ಹೆಣ್ಣಿನ ಹಾಗೆ ಕಂದು. ವಯಸ್ಸಿಗೆ ಬಂದಂತೆ ಬೆನ್ನು ಕಪ್ಪಾಗಿ, ಕೊಂಬು ಸುರುಳಿ ಸುತ್ತುತ್ತ ಉದ್ದವಾಗುತ್ತದೆ.

"ಕೊಂಬು ಮೂರು ಸುತ್ತು ತಿರುಗಿರಬೇಕು. ಬೆನ್ನು ಕರ್ರಗಾಗಿರಬೇಕು. ಅಲ್ಲೀತನಕ ನಾ ಮುಟ್ಟಂಗಿಲ್ಲ," ಅಂದರು.

"ಹೊಲ ಮೇಯೋದು ಸಣ್ಣವೇ ಅಲ್ಲೇನ್ರಿ?"

"ಮೇಯ್ಲಿ. ಸಣ್ಣವನ್ನ ಇವತ್ತು ಹೊಡದ್ರ ಮೂರು ವರ್ಷಕ್ಕ ಕರೇ ಹೋತ ಎಲ್ಲಿಂದ ಬರ್ತಾವು?"

ಅದು ಕರುಣೆಯೋ, ಗೋಡೆಯ ಮೇಲಿನ ಐದನೆಯ ಜೊತೆಯ ಆಸೆಯೋ, ನನಗೆ ಆಗ ತಿಳಿಯಲಿಲ್ಲ. ಆದರೆ ಆ ಮಾತನ್ನು ಅವರು ಮುರಿದದ್ದನ್ನು ನಾನು ನೋಡಲಿಲ್ಲ. ಎಳೆಯವು ಇಪ್ಪತ್ತು ಹೆಜ್ಜೆಗೆ ಬಂದರೂ ಚಪ್ಪಾಳೆ ತಟ್ಟಿ ಓಡಿಸುತ್ತಿದ್ದರು.

ಮರುವರ್ಷ ಹತ್ತಿ ಹೇರಿದ ಬಂಡಿ ಕುರುಗೋಡಿನ ದಾರಿಯಲ್ಲಿ ಹಳ್ಳ ಇಳಿಯುವಾಗ ವಾಲಿತು. ಹತ್ತಿಮೂಟೆಗಳ ಮೇಲೆ ಕೂತಿದ್ದ ಇವರು ಕಲ್ಲಿನ ಮೇಲೆ ಬೆನ್ನಡಿಯಾಗಿ ಬಿದ್ದರು. ಬಳ್ಳಾರಿಯ ದವಾಖಾನೆಯಲ್ಲಿ ನಾಲ್ಕು ತಿಂಗಳು ಇದ್ದೆವು. ಕೊನೆಗೆ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, ಸೊಂಟದಿಂದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲಮ್ಮ, ಮನೆಗೆ ಕರೆದುಕೊಂಡು ಹೋಗಿ, ಹುಣ್ಣಾಗದ ಹಾಗೆ ನೋಡಿಕೊಳ್ಳಿ ಅಂದರು. ಆ ಮಾತನ್ನು ಅತ್ತೆಗೆ ನಾನು ಪೂರ್ತಿ ಹೇಳಲಿಲ್ಲ. ಅವರೂ ಪೂರ್ತಿ ಕೇಳಲಿಲ್ಲ.

ಪಡಸಾಲೆಯ ಕಿಟಕಿಗೆ ತಾಗಿಸಿ ಮಂಚ ಹಾಕಿದೆವು. ಅಲ್ಲಿಂದ ನನ್ನ ದಿನಗಳು ಆ ಮಂಚದ ಸುತ್ತಲೇ ತಿರುಗಿದವು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಒರೆಸಬೇಕು, ಬಟ್ಟೆ ತೆಗೆಯಬೇಕು, ಬೂದಿ ಹಾಕಿ ತಿಕ್ಕಿ ಒಗೆಯಬೇಕು. ಬಾವಿಗೆ ಹೋದರೆ ಅತ್ತೆ ಬಾಗಿಲಿಗೆ ಬಂದು ಕೂಗುತ್ತಿದ್ದರು. ಹಿತ್ತಲಿಗೆ ಹೋದರೆ ಗಂಡ ಒಳಗಿನಿಂದ ಕೆಮ್ಮುತ್ತಿದ್ದರು. ಕರೆಯಲಿಕ್ಕೆ ನಾಚಿಕೆ, ಅದಕ್ಕೆ ಕೆಮ್ಮು. ಉಳಿದ ಹೊತ್ತಿನಲ್ಲಿ ಅವರ ಪಕ್ಕದಲ್ಲಿ ಕೂತಿರಬೇಕು. ಮಾತಿಲ್ಲ. ನಾನು ಅವರ ಮುಖ ನೋಡುತ್ತಿದ್ದೆ, ಅವರು ಕಿಟಕಿ ನೋಡುತ್ತಿದ್ದರು. ಇಪ್ಪತ್ತೊಂದು ವರ್ಷಕ್ಕೆ ನನ್ನ ಆಯುಷ್ಯದಲ್ಲಿ ಇನ್ನು ನಡೆಯಬೇಕಾದದ್ದು ಏನೂ ಇಲ್ಲ ಅನ್ನಿಸಿತ್ತು. ಅಪ್ಪ ನೋಡಲು ಬಂದಾಗ ಅವರ ಜೊತೆ ಬಂಡಿಯ ತನಕ ಹೋಗಿ, ಹಿಂದಿನ ಹಲಗೆ ಹಿಡಿದುಕೊಂಡು ನಿಂತೆ. ಅಪ್ಪ ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಬಂಡಿ ಹತ್ತಿದರು.

ಕಡಲೆ ಬಿತ್ತಿದ ಮೇಲೆ ಒಂದು ಬೆಳಿಗ್ಗೆ ಮಂಚದ ಮೇಲಿಂದ ಅವರೇ ಮಾತು ತೆಗೆದರು.

"ತುಪಾಕಿ ತಗಿ."

ಬಂದೂಕು ಕೇಳಿದ್ದಕ್ಕೆ ನನಗೆ ಗಾಬರಿಯಾಯಿತು. ಅದು ಅವರಿಗೂ ಗೊತ್ತಾಯಿತು. "ನನಗಲ್ಲ," ಅಂದರು. "ನೀ ಹೋಗಿ ಕಡ್ಲಿ ಕಾಯಬೇಕು. ಹಳ್ಳದಾಚಿ ಒಂದು ಕರೇ ಹೋತ ಐತಿ. ನಾಕು ಸುತ್ತು ಕೊಂಬು. ಹೋದ ವರ್ಷ ನನಗ ತಪ್ಪಿಸಿಕೊಂತು. ಅದನ್ನ ತರಬೇಕು ನೀನು."

"ಸಣ್ಣವು ಬಂದ್ರ?"

"ಬಿಟ್ಟುಬಿಡು."

ಲೈಸೆನ್ಸಿನಲ್ಲಿ ನನ್ನ ಹೆಸರನ್ನೂ ಸೇರಿಸಲು ಅಪ್ಪನೇ ಬಳ್ಳಾರಿಯ ಕಚೇರಿಗೆ ಓಡಾಡಿದರು. ಅಲ್ಲಿಯ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಹೊಡಿಯಾಕ ಬರ್ತೈತೇನು ನಿನಗ?" ಅಂದರು. ಬರುತ್ತದೆ ಅಂದೆ.

ಹೊಲದ ತುದಿಯಲ್ಲಿ, ಹಳ್ಳಕ್ಕೆ ಮುಖ ಮಾಡಿ, ಅವರು ಹಿಂದೆಯೇ ತೋಡಿಸಿದ್ದ ಒಂದು ಗುಂಡಿ ಇತ್ತು. ಎದೆಮಟ್ಟದ ಆಳ, ಮೇಲೆ ತೊಗರಿಕಟ್ಟಿಗೆಯ ಮರೆ. ಬೆಳಗು ಹರಿಯುವ ಹೊತ್ತಿಗೆ ಹೋಗಿ ಅದರೊಳಗೆ ಇಳಿದು ಕೂಡಬೇಕು. ಎರಡು ತಾಸು ಅಲುಗಾಡುವ ಹಾಗಿಲ್ಲ. ಎರೆಮಣ್ಣಿನ ತಂಪು ಕಾಲಿನಿಂದ ಏರಿ ಸೊಂಟಕ್ಕೆ ಬರುತ್ತಿತ್ತು. ಮನೆಯ ಕೋಣೆಯಿಂದ ಬಿಡುಗಡೆಯಾಗಿ ಇನ್ನೊಂದು ಗುಂಡಿಗೆ ಬಂದೆನಲ್ಲ ಎಂದು ಮೊದಲ ವಾರ ಅಳುತ್ತಿದ್ದೆ. ಎದ್ದು ಆ ಕಡೆ ನಡೆದುಬಿಡಬಹುದು, ಯಾರು ತಡೆಯುತ್ತಾರೆ ಎಂದೂ ಅಂದುಕೊಳ್ಳುತ್ತಿದ್ದೆ. ಆದರೆ ಮಂಚದ ಕಿಟಕಿ ಈ ಕಡೆಗೇ ಇತ್ತು.

ದಿನವೂ ಬರುತ್ತಿದ್ದದ್ದು ಎಳೆಯ ಹೋತಗಳೇ, ಏಳು. ದೊಡ್ಡದು ತನ್ನ ಹೆಣ್ಣುಗಳ ಹತ್ತಿರ ಇವುಗಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಓಡಿಸಿಬಿಟ್ಟರೆ ಇವು ತಮ್ಮದೇ ಗುಂಪು ಕಟ್ಟಿಕೊಂಡು ಹಳ್ಳ ದಾಟಿ ಬಂದು ನಮ್ಮ ಕಡಲೆಗೆ ಬೀಳುತ್ತಿದ್ದವು. ಕರೇ ಹೋತ ಮಾತ್ರ ಆಚೆ ದಿಬ್ಬದ ಮೇಲೆ ನಿಂತಿರುತ್ತಿತ್ತು. ನಮ್ಮ ಬಂದೂಕು ಐವತ್ತು ಹೆಜ್ಜೆಯ ಆಚೆಗೆ ಕೆಲಸಕ್ಕೆ ಬಾರದು. ಅದು ಇನ್ನೂರು ಹೆಜ್ಜೆಯ ಈಚೆಗೆ ಎಂದೂ ಬರಲಿಲ್ಲ.

ಮನೆಗೆ ಬಂದ ಕೂಡಲೇ ವಿಚಾರಣೆ.

"ಬಂದಿತ್ತೇನು?"

"ದಿಬ್ಬದ ಮ್ಯಾಲ ನಿಂತಿತ್ತು."

"ಯಾವ ಕಡೆ ಮುಖ ಮಾಡಿತ್ತು?"

"ಕುರುಗೋಡ ಗುಡ್ಡದ ಕಡೆ."

"ಸಣ್ಣವು?"

"ಬಂದಿದ್ವು. ಮೇಯ್ದು ಹೋದ್ವು."

"ಇರ್ಲಿ."

ಹೀಗೆ ಒಂದು ಚಳಿಗಾಲ ಪೂರ್ತಿ. ಹಳ್ಳದ ಕಡೆಯ ಕಡಲೆ ನೆಲಕ್ಕೆ ಹತ್ತಿತು. ಗಾಳಿಯಲ್ಲಿ ಗುಂಡು ಹಾರಿಸಿದರೆ ಓಡುತ್ತಿದ್ದವು, ಮೂರನೆಯ ದಿನ ಮತ್ತೆ ಬರುತ್ತಿದ್ದವು. ನಾನು ಒಂದೊಂದನ್ನೂ ಗುರುತು ಹಿಡಿಯುವಂತಾದೆ. ಒಂದರ ಎಡಗಿವಿ ಸೀಳಿತ್ತು. ಅದರ ಕೊಂಬು ಆಗಷ್ಟೇ ಮೊದಲ ಸುತ್ತು ಮುಗಿಸುತ್ತಿತ್ತು. ಉಳಿದವಕ್ಕಿಂತ ಧೈರ್ಯ ಜಾಸ್ತಿ. ಗುಂಡಿಯಿಂದ ಹತ್ತು ಹೆಜ್ಜೆಗೆ ಬಂದು, ತಲೆಯೆತ್ತಿ, ಮರೆಯ ಕಡೆಗೇ ನೋಡುತ್ತ ಮೇವು ಅಗಿಯುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಭಾವನವರು ಕೆಂಚನಗುಡ್ಡದ ಕಡೆಯಿಂದ ಒಬ್ಬ ನಾಟಿ ವೈದ್ಯರನ್ನು ಕರೆತಂದರು. ಅವರು ಬೆನ್ನು ಒತ್ತಿ ನೋಡಿದರು, ಪಾದಕ್ಕೆ ಮುಳ್ಳು ಚುಚ್ಚಿ ನೋಡಿದರು. ಹೊರಗೆ ಬಂದು ಅತ್ತೆಗೆ ಹೇಳಿದರು: ಚಿಗರಿಯ ತುಪ್ಪ, ಅಂದರೆ ಕೊಬ್ಬು, ಒಂಬತ್ತು ದಿನ ಬೆನ್ನಿಗೂ ಕಾಲಿಗೂ ತಿಕ್ಕಬೇಕು. ಎಳೆಯದರದ್ದಾಗಿರಬೇಕು, ಮುದಿಯದರಲ್ಲಿ ಗುಣವಿಲ್ಲ.

ಇವರು ಒಳಗಿನಿಂದ ಕೇಳಿಸಿಕೊಂಡಿದ್ದರು. ವೈದ್ಯರು ಹೋದ ಮೇಲೆ ನನ್ನನ್ನು ಕರೆದು, "ಅವ್ವನ ಮಾತು ಕೇಳಬ್ಯಾಡ. ಸಣ್ಣವಕ್ಕ ಗುಂಡು ಹಾಕಂಗಿಲ್ಲ," ಅಂದರು. ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ಕೂತು, ನನ್ನ ಕಡೆ ತಿರುಗದೆ ಹೇಳಿದರು:

"ಅವ ಬ್ಯಾಡಂತಾನ. ಅವನಿಗೇನು ತಿಳಿತೈತಿ. ನಿನಗ ತಿಳಿಬೇಕು."

"ಅವರು ಆಣಿ ಮಾಡಿಸಿದಂಗ ಹೇಳ್ಯಾರ ಅತ್ತೀ."

"ನಿನ್ನ ಗಂಡ ಎದ್ದು ಅಡ್ಡಾಡೋದು ನಿನಗ ಬ್ಯಾಡೇನು?"

ಸ್ವಾಧೀನ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನ್ನೊಬ್ಬಳಿಗೆ ಗೊತ್ತಿತ್ತು. ಹೇಳಿಬಿಟ್ಟರೆ ಅತ್ತೆಯ ಆಸೆ ಮುರಿದವಳಾಗುತ್ತೇನೆ. ಹೇಳದಿದ್ದರೆ ಗಂಡ ಏಳುವುದು ಬೇಡವಾದ ಹೆಂಡತಿಯಾಗುತ್ತೇನೆ. ಎಳೆಯದನ್ನು ಹೊಡೆದರೆ ಅವರ ಮಾತು ಮುರಿದ ಹಾಗೆ. ಆ ಮನೆಯಲ್ಲಿ ಅವರಿಗೆ ಉಳಿದಿದ್ದದ್ದು ಆ ಒಂದು ಮಾತು. ಉಳಿದ ಎಲ್ಲದಕ್ಕೂ ಅವರು ನಮ್ಮ ಕೈ ಕಾಯಬೇಕಿತ್ತು.

ಎರಡನೆಯ ಚಳಿಗಾಲ ಹಾಗೆ ಶುರುವಾಯಿತು. ಗುಂಡಿಯಿಂದ ಬರಿಗೈಯಲ್ಲಿ ಬಂದರೆ ಮಂಚದ ಮೇಲಿನವರು "ಕರೇದು ಬಂತೇನು?" ಅನ್ನುವರು. ಒಲೆಯ ಮುಂದಿನವರು ಏನೂ ಅನ್ನುತ್ತಿರಲಿಲ್ಲ, ನನ್ನ ತಟ್ಟೆಗೆ ರೊಟ್ಟಿಯನ್ನು ಸ್ವಲ್ಪ ದೂರದಿಂದ ಹಾಕುತ್ತಿದ್ದರು. ಒಂದು ತಿಂಗಳು ಹೀಗೆ ನಡೆಯಿತು.

ಒಂದು ಬೆಳಿಗ್ಗೆ ಗುಂಡಿಯಲ್ಲಿ ಕೂತಿದ್ದೆ. ಏಳರಲ್ಲಿ ಆರು ಮಾತ್ರ ಬಂದಿದ್ದವು. ಬದುವಿನ ಹಿಂದೆ ಸರಸರ ಸದ್ದಾಯಿತು. ಅತ್ತೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಗ್ಗಿಕೊಂಡು ಬಂದು, ಗುಂಡಿಯ ಹಿಂದೆ ಮಣ್ಣಿನ ಮೇಲೆ ಮಲಗಿಬಿಟ್ಟರು. ಅರವತ್ತು ದಾಟಿದ ಹೆಂಗಸು, ಏದುಸಿರು ಬಿಡುತ್ತಿದ್ದರು. ಸೀಳುಕಿವಿಯದು ಸದ್ದಿಗೆ ತಲೆ ಎತ್ತಿತು. ಓಡಲಿಲ್ಲ. ಪಕ್ಕಕ್ಕೆ ತಿರುಗಿ ನಿಂತಿತು.

"ಹಾಕವ್ವ," ಅಂದರು ಅತ್ತೆ. ಬೇಡುವ ದನಿ. ಆ ದನಿಯಲ್ಲಿ ಅವರು ನನ್ನ ಜೊತೆ ಎಂದೂ ಮಾತಾಡಿರಲಿಲ್ಲ.

ಹಿಂದೆ ಅತ್ತೆ, ಮುಂದೆ ಅದು, ಕಿಟಕಿಯಲ್ಲಿ ಅವರು. ನಾನು ಬಂದೂಕಿನ ಕುದುರೆ ಎಳೆದೆ. ಕರುಣೆಯಿಂದಲೂ ಅಲ್ಲ, ನಂಬಿಕೆಯಿಂದಲೂ ಅಲ್ಲ. ಇದು ಇವತ್ತಿಗೆ ಮುಗಿದುಹೋಗಲಿ ಎಂದು ಎಳೆದೆ. ಆ ಕಾರಣವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅದು ನಿಂತಲ್ಲೇ ಮುಂಗಾಲು ಮಡಿಸಿ ಬಿತ್ತು. ಉಳಿದ ಐದು ಹಳ್ಳ ಹಾರಿ ಹೋದವು. ಅತ್ತೆ ಅಳುತ್ತ ನನ್ನ ತಲೆ ಸವರಿದರು.

ಮನೆಗೆ ಬಂದಾಗ ಅವರು ಕಿಟಕಿಯ ಕಡೆಗೆ ಇರಲಿಲ್ಲ, ಬಾಗಿಲ ಕಡೆಗೆ ಮುಖ ಮಾಡಿದ್ದರು. "ಬಿತ್ತು. ಶಬ್ದ ಕೇಳಿದೆ," ಅಂದರು. "ಕರೇದೇನು?"

ನಾನು ಬಂದೂಕನ್ನು ಗೋಡೆಗೆ ಒರಗಿಸಿದೆ.

"ತಲಿ ತಾ."

ತಂದು ಎದೆಯ ಮೇಲೆ ಹಾಸಿದ ಗೋಣಿತಟ್ಟಿನ ಮೇಲೆ ಇಟ್ಟೆ. ಅವರು ಕಣ್ಣಿನಿಂದ ನೋಡಲಿಲ್ಲ. ಹೆಬ್ಬೆರಳನ್ನು ಕೊಂಬಿನ ಬುಡಕ್ಕೆ ಇಟ್ಟು ಸುರುಳಿಯ ಗುಂಟ ಮೇಲಕ್ಕೆ ಸರಿಸುತ್ತ ಹೋದರು. "ಒಂದು," ಅಂದರು. ಮತ್ತೆ ಸ್ವಲ್ಪ ಸರಿಸಿದರು. ತುದಿ ಬಂತು. "ಒಂದೂವರಿ."

ಬೈಯಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿದರು.

ಒಂಬತ್ತು ದಿನ ತುಪ್ಪ ತಿಕ್ಕಿದೆವು. ಬೆನ್ನಿಗೆ ಅತ್ತೆ, ಕಾಲಿಗೆ ನಾನು. ಅವರು ಬೇಡವೆನ್ನಲಿಲ್ಲ. ಆ ವಾಸನೆ ಹಾಸಿಗೆಗೆ, ನನ್ನ ಸೀರೆಗೆ, ಉಗುರಿನ ಸಂದಿಗೆ ಸೇರಿಕೊಂಡಿತು. ದಿನವೂ ಅತ್ತೆ ಅವರ ಕಾಲಿನ ಹೆಬ್ಬೆರಳನ್ನು ಹಿಡಿದು, "ತಿಳಿತೈತೇನು ತಮ್ಮಾ?" ಅನ್ನುವರು. ಮೊದಲ ನಾಲ್ಕು ದಿನ ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಐದನೆಯ ದಿನ, "ಸ್ವಲ್ಪ ತಿಳಿದಂಗ ಆಗ್ತೈತಿ ಅವ್ವಾ," ಅಂದರು. ಆಗ ನಾನು ಅವರ ಕಣ್ಣು ನೋಡಿದೆ. ಡಾಕ್ಟರು ವರಾಂಡದಲ್ಲಿ ಹೇಳಿದ ಮಾತು ಅವರಿಗೂ ಗೊತ್ತಿದೆ ಎಂದು ಅಂದು ನನಗೆ ಗೊತ್ತಾಯಿತು.

ಹತ್ತನೆಯ ದಿನ ಅತ್ತೆ ಊರೊಳಗಿನ ಗುಡಿಗೆ ಹೋಗಿದ್ದರು. ನಾನು ಗಂಡನನ್ನು ಮಗ್ಗುಲಿಗೆ ತಿರುಗಿಸುತ್ತಿದ್ದೆ.

"ನಿನಗ ಒಂದು ಹೇಳಬೇಕು," ಅಂದರು. "ಆ ಕರೇ ಹೋತ ಹಳ್ಳ ದಾಟಿ ಬರಂಗಿಲ್ಲ. ಅದು ನನಗ ಮೊದಲಿಂದ ಗೊತ್ತಿತ್ತು."

"ಮತ್ತ ನನ್ನ ಯಾಕ ಕಳಿಸಿದ್ರಿ?"

"ನೀ ದಿನಾ ಇಲ್ಲಿ ಕುಂತು ನನ್ನ ಮುಖ ನೋಡ್ತಿದ್ದೆಲ್ಲ. ತಡಕೊಳ್ಳಾಕ ಆಗ್ತಿರಲಿಲ್ಲ ನನಗ. ಎರಡು ತಾಸಾರ ನೀ ಹೊರಗಿರಲಿ, ನಾ ಒಬ್ಬಾವ ಇರಬೇಕು ಅಂತ. ಸಣ್ಣವನ್ನ ಹೊಡಿ ಅಂದಿದ್ರ ಮರುದಿನಾನ ಹೊಡಕೊಂಡು ಬರ್ತಿದ್ದಿ. ಅಲ್ಲಿಗೆ ಮುಗಿದುಹೋಗ್ತಿತ್ತು."

ಎರಡು ಚಳಿಗಾಲ ಆ ಗುಂಡಿಯಲ್ಲಿ ಕೂತದ್ದು ಇದಕ್ಕೆ. ನನ್ನ ಕೈಗಳು ಅವರ ಸೊಂಟದ ಕೆಳಗೇ ಇದ್ದವು. ಬಿಟ್ಟರೆ ಅವರು ಅಂಗಾತ ಬೀಳುತ್ತಾರೆ. ಸಿಟ್ಟಿಗೂ ಜಾಗವಿರಲಿಲ್ಲ. ಮೆಲ್ಲಗೆ ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ದಿಂಬು ಒತ್ತರಿಸಿ, ಹೊರಗೆ ಹೋದೆ. ಹಗಲು ನೆತ್ತಿಗೆ ಬಂದಿತ್ತು. ಹೊಲದ ತುದಿಗೆ ಹೋಗಿ ಬಂದೂಕಿಲ್ಲದೆ ಗುಂಡಿಗೆ ಇಳಿದು ಕೂತೆ. ಒಂದು ಸಲ ಮನೆಯ ಕಡೆಯಿಂದ ಕೆಮ್ಮು ಕೇಳಿಸಿದ ಹಾಗಾಯಿತು. ಅಷ್ಟು ದೂರಕ್ಕೆ ಕೇಳಿಸುವುದು ಸಾಧ್ಯವಿಲ್ಲ. ಆದರೂ ಎದ್ದೆ.

ಒಳಗೆ ಬಂದು ಹೇಳಿದೆ: "ನಾನು ಬ್ರೂಸ್‌ಪೇಟಿಗೆ ಹೋಗ್ತೀನಿ."

"ಹೋಗು," ಅಂದರು. ಬಹಳ ದಿನದಿಂದ ಕಾಯುತ್ತಿದ್ದ ಮಾತಿಗೆ ಉತ್ತರ ಕೊಟ್ಟ ಹಾಗಿತ್ತು.

ಅವರನ್ನು ಬಿಟ್ಟು ಹೋಗಬೇಕೆಂದೇ ನಾನು ಬಾಗಿಲು ದಾಟಿ ಒಳಗೆ ಬಂದಿದ್ದೆ. ಅದು ಸುಳ್ಳಲ್ಲ. ಆದರೆ ಆ "ಹೋಗು" ಕೇಳಿದ ಮೇಲೆ ನನ್ನ ಬಾಯಿಂದ ಬೇರೆಯೇ ಬಂತು.

"ನೀವೂ ಬರ್ರಿ. ಅಪ್ಪನ ಕಣ್ಣು ಮಂದ ಆಗ್ಯಾವು. ಅಂಗಡಿ ಕೆಲಸಕ್ಕ ನಿಮ್ಮ ಕೈ ಚಲೋ ಅದಾವಲ್ಲ."

ಅವರು ತಮ್ಮ ಕೈಗಳನ್ನು ಮುಖದ ಮುಂದೆ ತಂದು ನೋಡಿಕೊಂಡರು.

ಹೊಲವನ್ನು ಭಾವನವರು ನೋಡಿಕೊಂಡರು. ಅತ್ತೆ ಅವರ ಜೊತೆ ಸಿರುಗುಪ್ಪಕ್ಕೆ ಹೋದರು. ತಿಂಗಳಿಗೊಮ್ಮೆ ಬಂದು ಮಗನ ಹೆಬ್ಬೆರಳು ಹಿಡಿದು ನೋಡಿ ಹೋಗುತ್ತಿದ್ದರು. ನಾವು ಬ್ರೂಸ್‌ಪೇಟೆಯ ಅಂಗಡಿಯ ಹಿಂದಿನ ಕೋಣೆಗೆ ಬಂದೆವು. ಬಾದನಹಟ್ಟಿಯ ಪಡಸಾಲೆಗಿಂತ ಚಿಕ್ಕದು, ಒಂದೇ ಬಾಗಿಲು, ಎದುರಿಗೆ ಗೋಡೌನಿನ ಗೋಡೆ. ಬಿಡುಗಡೆ ಎಂದು ನಾನು ಅಂದುಕೊಂಡದ್ದು ಅಳತೆಯಲ್ಲಿ ಹೀಗಿತ್ತು. ಅಪ್ಪ ಅಂಗಡಿಯ ಮುಂಭಾಗದಲ್ಲಿ ತಗ್ಗು ಮಂಚ ಹಾಕಿ, ಗೋಡೆಗೆ ಒರಗಿಸಿ ಕೂರಿಸುವ ಏರ್ಪಾಟು ಮಾಡಿದರು. ಮೊದಲು ಸ್ಟೋವಿನ ಬರ್ನರು, ಆಮೇಲೆ ಬೀಗ. ಮೂರು ತಿಂಗಳಲ್ಲಿ ಅವರ ಕೈ ಅಪ್ಪನಿಗಿಂತ ಚುರುಕಾಯಿತು. ಚಿಗರಿ ಬೇಟೆ ನಿಲ್ಲಿಸುವ ಕಾನೂನು ಬಂದ ಮೇಲೆ ಬಂದೂಕುಗಳು ಬರುವುದು ಕಡಿಮೆಯಾಯಿತು. ನಮ್ಮದನ್ನು ನಾವು ಅದಕ್ಕೂ ಮೊದಲೇ ಸರ್ಕಾರಕ್ಕೆ ಒಪ್ಪಿಸಿದ್ದೆವು. ಗೋಡೆಯ ಮೇಲಿನ ನಾಲ್ಕು ಜೊತೆ ಕೊಂಬನ್ನು ಅವರು ಭಾವನವರಿಗೆ ಕೊಟ್ಟುಬಿಟ್ಟಿದ್ದರು. ಸೀಳುಕಿವಿಯದರ ಕೊಂಬು ಏನಾಯಿತೆಂದು ನಾನು ಕೇಳಲಿಲ್ಲ.

ಬಂದ ಮೊದಲ ವಾರವೇ ಅವರಿಗೆ ಹೇಳಿದೆ: "ಸಂಜಿ ಮುಂದ ಎರಡು ತಾಸು ನಾ ಹೊರಗ ಹೋಗ್ತೀನಿ. ಎಲ್ಲಿ ಅಂತ ಕೇಳಬ್ಯಾಡ್ರಿ."

"ಕೇಳಂಗಿಲ್ಲ," ಅಂದರು.

ಕೇಳಲಿಲ್ಲ. ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಪೇಟೆಯ ಗದ್ದಲ ದಾಟಿ ರೈಲು ನಿಲ್ದಾಣದ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು, ಗುಂತಕಲ್ಲಿಗೆ ಹೋಗುವವರು ಗಂಟು ಹೊತ್ತುಕೊಂಡು ತೆಲುಗಿನಲ್ಲಿ ಜಗಳಾಡುತ್ತ ಓಡುವುದನ್ನು ನೋಡಿ ಬರುತ್ತಿದ್ದೆ. ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಒಂದೆರಡು ಸಲ ಗಾಡಿ ಹತ್ತುವ ಮನಸ್ಸೂ ಆಗಿತ್ತು. ಒಮ್ಮೆ ಟಿಕೀಟಿನ ಸಾಲಿನಲ್ಲಿ ನಿಂತು, ನನ್ನ ಸರದಿ ಬರುವ ಮುಂಚೆ ಪಕ್ಕಕ್ಕೆ ಸರಿದೆ. ಅವರನ್ನು ಮಗ್ಗುಲಿಗೆ ತಿರುಗಿಸುವ ಹೊತ್ತಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅಪ್ಪ ತೀರಿಕೊಂಡ ಮೇಲೆ, ಒಂದು ಸಂಜೆ ಜೋರು ಮಳೆ ಹಿಡಿಯಿತು. ಓಣಿಯಲ್ಲಿ ನೀರು ಹರಿಯುತ್ತಿತ್ತು, ಕರೆಂಟು ಹೋಗಿತ್ತು. ಅವರು ಕಂದೀಲಿನ ಬೆಳಕಿನಲ್ಲಿ ಒಂದು ಹಳೆಯ ಪೆಟ್ಟಿಗೆ ಬೀಗ ಬಿಚ್ಚಿಕೊಂಡು ಕೂತಿದ್ದರು. ನಾನು ಹೊರಡದೆ ಇದ್ದದ್ದನ್ನು ನೋಡಿದರು.

"ಇವತ್ತು ಹೋಗಂಗಿಲ್ಲೇನು?"

"ಮಳಿ ಐತಿ."

"ಹಂಗಾರ ಆ ಕಂದೀಲು ಸ್ವಲ್ಪ ಈ ಕಡೆ ಹಿಡಿ. ಒಳಗಿಂದು ಕಾಣವಲ್ದು."

ಎತ್ತಿ ಹಿಡಿದೆ. ಅವರು ಚಿಮಟದಿಂದ ಒಂದು ಸಣ್ಣ ಪಟ್ಟಿಯನ್ನು ಒಳಗೆ ಕೂರಿಸಿದರು, ಅದು ಜಾರಿತು. ಮತ್ತೆ ಕೂರಿಸಿದರು. ಕೈ ಸೋತರೂ ನಾನು ಕಂದೀಲು ಇಳಿಸಲಿಲ್ಲ.